ಕಂಟೇನರ್ ಭದ್ರತೆ ಮತ್ತು ಬೆಂಗಳೂರಿನ ಕರ್ನಲ್ ಎಂಜಿನಿಯರುಗಳು

ಒಂದೇ ಲಿನಕ್ಸ್ ಕರ್ನಲ್ಲನ್ನು ಹಂಚಿಕೊಂಡು, ಒಂದರ ಕಣ್ಣಿಗೆ ಇನ್ನೊಂದು ಬೀಳದಂತೆ ನಡೆಯುವ ಪ್ರೋಗ್ರಾಮುಗಳ ಗುಂಪಿಗೆ ಕಂಟೇನರ್ ಎಂದು ಹೆಸರು. ಕಂಟೇನರುಗಳನ್ನು ನಡೆಸುವ ಸಾಧನಗಳಾದ ಡಾಕರ್ 2013ರಲ್ಲಿ, ಕುಬರ್ನೆಟೀಸ್ 2014ರಲ್ಲಿ ಹೊರಬಂದ ಮೇಲೆ ತಂತ್ರಾಂಶ ಕಂಪನಿಗಳಲ್ಲಿ ಇದು ದಿನಬಳಕೆಯ ಮಾತಾಯಿತು. ಆದರೆ ಕರ್ನಲ್ಲಿನೊಳಗೆ ಹುಡುಕಿದರೆ ಕಂಟೇನರ್ ಎಂಬ ವಸ್ತು ಸಿಗುವುದಿಲ್ಲ. ನೇಮ್‌ಸ್ಪೇಸ್, ಸಿಗ್ರೂಪ್, ಸೆಕ್‌ಕಾಂಪ್ ಮೊದಲಾದ ಬಿಡಿ ಸೌಲಭ್ಯಗಳನ್ನು ಜೋಡಿಸಿ ಕಟ್ಟಿದ ಏರ್ಪಾಡು ಅದು. ಈ ಸೌಲಭ್ಯಗಳಲ್ಲಿ ಕೆಲವನ್ನು, ಡಾಕರಿಗೂ ಮೊದಲೇ, ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರಿನ ಎಂಜಿನಿಯರುಗಳು ಬರೆದರು ಅಥವಾ ಬೆಳೆಸಿದರು.

ವರ್ಚುವಲ್ ಮೆಶಿನ್‌ಗಳಲ್ಲಿ ಒಂದೊಂದಕ್ಕೂ ಅದರದೇ ಕರ್ನಲ್ ಇರುತ್ತದೆ. ಕಂಟೇನರುಗಳದು ವಠಾರದ ಬಾಳು: ಬಾಗಿಲು ಬೇರೆ, ಬಾವಿ ಒಂದೇ. ನೇಮ್‌ಸ್ಪೇಸ್ ಬಾಗಿಲು ಹಾಕುತ್ತದೆ, ಸಿಗ್ರೂಪ್ ಯಾರಿಗೆ ಎಷ್ಟು ನೀರು ಎಂದು ಕಟ್ಟುಮಾಡುತ್ತದೆ. ಪ್ರಕ್ರಿಯೆಗಳನ್ನು ಕೂಡಿಹಾಕುವ ಆಲೋಚನೆ 1979ರ ಯುನಿಕ್ಸಿನ ಕ್ರೂಟ್‌ನಿಂದಲೇ ಇದೆ. 2000ದಲ್ಲಿ ಫ್ರೀಬಿಎಸ್‌ಡಿ ಜೈಲ್ ಬಂದಿತು, 2002ರಲ್ಲಿ ಲಿನಕ್ಸಿಗೆ ಮೊದಲ ನೇಮ್‌ಸ್ಪೇಸ್ ಸೇರಿತು. ಹಂಚಿಕೆಯ ಲೆಕ್ಕ ಮಾತ್ರ ಬಹಳ ಕಾಲ ಬಾಕಿ ಉಳಿಯಿತು. ಒಂದು ಗುಂಪು ಮೆಮೊರಿಯನ್ನೆಲ್ಲ ನುಂಗಿದರೆ ಉಳಿದವು ಉಸಿರುಗಟ್ಟುತ್ತವೆ. ದಾಳಿಕೋರನಿಗೆ ಒಳನುಗ್ಗುವ ಶ್ರಮವೂ ಬೇಡ.

ಈ ಕೆಲಸಕ್ಕೆ 2006ರಲ್ಲಿ ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಕೈಹಚ್ಚಿದರು. ಸಿಗ್ರೂಪ್ ಚೌಕಟ್ಟು 2008ರ ಜನವರಿಯಲ್ಲಿ ಕರ್ನಲ್ 2.6.24ರೊಡನೆ ಬಿಡುಗಡೆಯಾಯಿತು. ಅದೇ ಆವೃತ್ತಿಯಲ್ಲಿ ಸಿಪಿಯು ಸಮಯವನ್ನು ಗುಂಪುಗಳ ನಡುವೆ ಹಂಚುವ ವ್ಯವಸ್ಥೆಯೂ ಸೇರಿತು. ಅದರ ಹಿಂದಿದ್ದವರಲ್ಲಿ ಬೆಂಗಳೂರಿನ ಶ್ರೀವತ್ಸ ವಡ್ಡಗಿರಿ ಮುಖ್ಯರು. ಮುಂದಿನ ಆವೃತ್ತಿ 2.6.25ರಲ್ಲಿ ಮೆಮೊರಿ ನಿಯಂತ್ರಕ ಬಂದಿತು. ಇದನ್ನು ಬರೆದವರು ಐಬಿಎಂನ ಬಲ್ಬೀರ್ ಸಿಂಗ್ ಮತ್ತು ಓಪನ್‌ವಿಜೆಡ್‌ನ ಪಾವೆಲ್ ಎಮೆಲ್ಯಾನೊವ್. ಅದರ ಮೂಲ ಸಂಕೇತದ ಕಡತದ ತಲೆಯಲ್ಲಿ ಇಬ್ಬರ ಹೆಸರೂ 2007ರ ಇಸವಿಯೊಡನೆ ಇವೆ.

ಮೆಮೊರಿ ನಿಯಂತ್ರಕಕ್ಕೆ ಸಿಕ್ಕ ಸ್ವಾಗತ ಅಷ್ಟೇನೂ ಬೆಚ್ಚಗಿರಲಿಲ್ಲ. ಪ್ರತಿ ಪುಟದ ಮೆಮೊರಿಗೂ ಅದು ಯಾರ ಲೆಕ್ಕಕ್ಕೆ ಸೇರಿದ್ದೆಂದು ಬೇರೆಯೇ ದಾಖಲೆ ಇಡಬೇಕಿತ್ತು. ಆ ದಾಖಲೆಗೇ ಮೆಮೊರಿ ಖರ್ಚಾಗುತ್ತಿತ್ತು. ಈ ತೊಡಕುಗಳ ಬಗ್ಗೆ ಬಲ್ಬೀರ್ ಸಿಂಗ್ ಮತ್ತು ವೈದ್ಯನಾಥನ್ ಶ್ರೀನಿವಾಸನ್ 2007ರ ಒಟ್ಟಾವಾ ಲಿನಕ್ಸ್ ಸಿಂಪೋಸಿಯಮ್ಮಿನಲ್ಲೇ ಪ್ರಬಂಧ ಮಂಡಿಸಿದ್ದರು. ಆ ಪ್ರತ್ಯೇಕ ದಾಖಲೆ ಕರ್ನಲ್ಲಿನಿಂದ ತೊಲಗಿದ್ದು ಕರ್ನಲ್ 3.19ರಲ್ಲಿ, ಯೊಹಾನೆಸ್ ವೈನರ್ ಕೈಯಿಂದ. ಮೊದಲ ರೂಪ ಕುಂಟುತ್ತಲೇ ಒಳಸೇರಿ, ಬಳಕೆಯಲ್ಲಿ ತಿದ್ದಿಸಿಕೊಳ್ಳುವುದು ಮುಕ್ತ ತಂತ್ರಾಂಶದಲ್ಲಿ ಅಪರೂಪವಲ್ಲ. ಪೂರ್ಣವಾಗಲಿ ಎಂದು ಕಾದಿದ್ದರೆ ಡಾಕರಿಗೆ ನಿಲ್ಲಲು ನೆಲವೇ ಇರುತ್ತಿರಲಿಲ್ಲ.

ಸಿಪಿಯು ಹಂಚಿಕೆಯಲ್ಲೂ ಒಂದು ಕೊರತೆ ಉಳಿದಿತ್ತು. ಯಂತ್ರ ಬಿಡುವಾಗಿದ್ದರೆ ಒಂದು ಗುಂಪು ತನ್ನ ಪಾಲಿಗಿಂತ ಎಷ್ಟು ಬೇಕಾದರೂ ಹೆಚ್ಚು ಬಳಸಬಹುದಿತ್ತು. ಕಟ್ಟುನಿಟ್ಟಿನ ಮಿತಿ ಬೇಕೆಂದು ಐಬಿಎಂನ ಭರತ ಬಿ. ರಾವ್ 2009ರಲ್ಲಿ ಪ್ಯಾಚ್‌ಗಳನ್ನು ಮುಂದಿಟ್ಟರು. ಗೂಗಲ್‌ನ ಪಾಲ್ ಟರ್ನರ್ ಮತ್ತು ನಿಖಿಲ್ ರಾವ್ ಜೊತೆಗೂಡಿ ಆ ಕೆಲಸ ಬೇರೆ ವಿನ್ಯಾಸ ಪಡೆದು, 2012ರ ಜನವರಿಯ 3.2ನೇ ಆವೃತ್ತಿಯಲ್ಲಿ ನೆಲೆನಿಂತಿತು. ಕುಬರ್ನೆಟೀಸಿನಲ್ಲಿ ಸಿಪಿಯು ಮಿತಿ ಅರ್ಧ ಎಂದು ಬರೆದರೆ, ಪ್ರತಿ 100 ಮಿಲಿಸೆಕೆಂಡಿಗೆ 50 ಮಿಲಿಸೆಕೆಂಡ್ ಮಾತ್ರ ಓಡಲು ಬಿಡುವುದು ಇದೇ ಸಂಕೇತ.

ಮಿತಿ ಹಾಕಿದ ಮೇಲೆ ಕಾವಲೂ ಬೇಕು. ಓಡುತ್ತಿರುವ ಕರ್ನಲ್ಲನ್ನು ನಿಲ್ಲಿಸದೆ ಅದರ ಯಾವುದೇ ಫಂಕ್ಷನ್ ಮೇಲೆ ಕಣ್ಣಿಡಲು ಬಿಡುವ ಕೆಪ್ರೋಬ್ಸ್ 2004ರಲ್ಲಿ 2.6.9ರೊಡನೆ ಬಂದಿತು. ಬೆಂಗಳೂರಿನ ಅದೇ ಐಬಿಎಂ ಕೇಂದ್ರದ ಅನಂತ್ ಎನ್. ಮಾವಿನಕಾಯನಹಳ್ಳಿ ಹಲವು ವರ್ಷ ಅದರ ಮೇಂಟೇನರ್ ಆಗಿದ್ದರು. ದೋಷ ಹುಡುಕಲೆಂದು ಹುಟ್ಟಿದ ಸಾಧನ ಇದು. 2015ರಲ್ಲಿ, ಕರ್ನಲ್ಲಿನೊಳಗೇ ಓಡುವ ಇಬಿಪಿಎಫ್ ಪ್ರೋಗ್ರಾಮುಗಳನ್ನು ಇದಕ್ಕೆ ತಗುಲಿಸಲು ಸಾಧ್ಯವಾದ ಮೇಲೆ ಭದ್ರತೆಯ ಕೆಲಸಕ್ಕೂ ಒದಗಿತು. ಟೆಟ್ರಗಾನ್, ಟ್ರೇಸಿಯಂಥ ಕಂಟೇನರ್ ಕಾವಲು ಸಾಧನಗಳು ಕೆಪ್ರೋಬ್ಸನ್ನು ಬಳಸುತ್ತವೆ.

ಇಂಥ ಕರ್ನಲ್ ಎಂಜಿನಿಯರಿನ ವೃತ್ತಿ ಮಾಮೂಲಿ ಐಟಿ ನೌಕರಿಗಿಂತ ಬೇರೆ. ಸಂಬಳ ಕಂಪನಿಯದು, ಕೆಲಸ ಎಲ್ಲರ ಕಣ್ಣೆದುರಿಗೆ. ಪ್ಯಾಚನ್ನು ಒಪ್ಪುವವರು ಪ್ರತಿಸ್ಪರ್ಧಿ ಕಂಪನಿಯವರೇ ಆಗಿರಬಹುದು. 2004ರಿಂದ ಪ್ರತಿ ಪ್ಯಾಚಿಗೂ ಬರೆದವರ ಸಹಿಯ ಸಾಲು ಬೇಕು. ಕಂಪನಿ ಬದಲಾದರೂ ಆ ದಾಖಲೆ ಅಳಿಯುವುದಿಲ್ಲವಾದ್ದರಿಂದ, ಬಯೋಡೇಟಾದ ತೂಕಕ್ಕಿಂತ ಅದರ ತೂಕ ಹೆಚ್ಚು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಆರಂಭವಾಗಿ, 2005ರಿಂದ ಫಾಸ್ ಡಾಟ್ ಇನ್ ಆದ ಸಮ್ಮೇಳನ 2012ರವರೆಗೆ ಇವರಿಗೆ ಊರಿನಲ್ಲೇ ಕೂಡುವ ಜಾಗವಾಗಿತ್ತು. ಕೆಲಸಕ್ಕೆ ಮಾತ್ರ ಊರಿನ ಹಂಗಿಲ್ಲ: ಶಿವಮೊಗ್ಗ, ಭದ್ರಾವತಿಗಳಲ್ಲಿ ಕುಳಿತವರೂ ಸ್ವಂತ ಲ್ಯಾಪ್‌ಟಾಪಿನಲ್ಲಿ ಇದೇ ಸಂಕೇತವನ್ನು ಓದಬಹುದು, ತಿದ್ದಿ ಕಳಿಸಬಹುದು.

ರಕ್ಷಣೆಗೆಂದು ಇಟ್ಟದ್ದೇ ಕಂಡಿಯಾದ ಉದಾಹರಣೆಯೂ ಸಿಗ್ರೂಪಿನಲ್ಲಿದೆ. ಗುಂಪು ಖಾಲಿಯಾದಾಗ ಕರ್ನಲ್ ಒಂದು ಪ್ರೋಗ್ರಾಮನ್ನು ಓಡಿಸಲಿ ಎಂಬ ರಿಲೀಸ್ ಏಜೆಂಟ್ ಸೌಲಭ್ಯ ಮೊದಲ ಆವೃತ್ತಿಯಲ್ಲಿತ್ತು. ಆ ಪ್ರೋಗ್ರಾಮು ಓಡುವುದು ಕಂಟೇನರಿನ ಹೊರಗೆ, ಪೂರ್ಣ ಅಧಿಕಾರದಿಂದ. ಅದರ ಹೆಸರು ಬದಲಿಸುವವರಿಗೆ ಅಧಿಕಾರವಿದೆಯೇ ಎಂದು ಕರ್ನಲ್ ಸರಿಯಾಗಿ ಪರೀಕ್ಷಿಸುತ್ತಿರಲಿಲ್ಲ. ಸಿವಿಇ-2022-0492 ಎಂಬ ಈ ದೋಷ ಸರಿಹೋದದ್ದು 2022ರಲ್ಲಿ. ಸೆಕ್‌ಕಾಂಪ್ ಅಥವಾ ಆಪ್‌ಆರ್ಮರ್ ಎಂಬ ಬೇರೆ ಕಾವಲು ಚಾಲೂ ಇದ್ದ ಕಂಟೇನರುಗಳು ಅಷ್ಟರವರೆಗೆ ಬಚಾವಾಗಿದ್ದವು. ಒಂದೇ ಬೇಲಿಯನ್ನು ನಂಬಬಾರದೆಂದು ಭದ್ರತೆಯವರು ಹೇಳುವುದು ಇದಕ್ಕೇ.

ತೇಜುನ್ ಹಿಯೊ ಮುಂದಾಳುತನದಲ್ಲಿ ಮರುವಿನ್ಯಾಸಗೊಂಡ ಸಿಗ್ರೂಪಿನ ಎರಡನೇ ಆವೃತ್ತಿ 2016ರಲ್ಲಿ ಕರ್ನಲ್ 4.5ರೊಡನೆ ಸ್ಥಿರವಾಯಿತು, ಅದರಲ್ಲಿ ರಿಲೀಸ್ ಏಜೆಂಟ್ ಇಲ್ಲ. 2024ರ 6.11ರಲ್ಲಿ ಮೆಮೊರಿ ನಿಯಂತ್ರಕದ ಹಳೆಯ ಆವೃತ್ತಿಯ ಸಂಕೇತವನ್ನು ಬೇರೆ ಕಡತಕ್ಕೆ ಸಾಗಿಸಿ, ಬೇಕೆಂದವರು ಮಾತ್ರ ಸೇರಿಸಿಕೊಳ್ಳುವಂತೆ ಮಾಡಲಾಯಿತು.