ರಳ ಕಾಣದ ಪಟ್ಟಿ: ಫಾಂಟ್ ಮೆನುವಿನಲ್ಲಿ ಶಾಸನಪಾಠ

‘ಅೞಿದವಂ’ ಅಂದರೆ ಕೆಡಿಸಿದವನು. ‘ಅಱಿದವಂ’ ಅಂದರೆ ತಿಳಿದವನು. ದಾನಶಾಸನಗಳ ಕೊನೆಗೆ ಬರುವ ಶಾಪದ ಭಾಗದಲ್ಲಿ ಕವಿಲೆ ಕೊಂದ ಪಾಪ ತಟ್ಟುವುದು ಮೊದಲಿನವನಿಗೆ. ಅಚ್ಚಿಗೆ ಹೋಗುವಾಗ ರಳದ (ೞ) ಜಾಗದಲ್ಲಿ ಶಕಟರೇಫ (ಱ) ಕೂತುಬಿಟ್ಟರೆ ಆ ಪಾಪ ತಿಳಿದವನ ತಲೆಗೆ ಹತ್ತುತ್ತದೆ. ಸುಮ್ಮನೆ ಳ ಕೂತರೆ ಅರ್ಥ ಉಳಿಯುತ್ತದೆ, ಆದರೆ ಶಾಸನದ ಕಾಲ ಹೇಳುವ ಒಂದು ಸಾಕ್ಷಿ ಹೋಗುತ್ತದೆ.

ಈ ಮಾತು ಬಂದದ್ದು ಬೋರಗಾಂವದ ಗೆಳೆಯರೊಬ್ಬರ ಫೋನಿನಿಂದ. ತಮ್ಮ ಸುತ್ತಿನ ಬಸದಿಗಳ ಶಾಸನಪಾಠಗಳನ್ನು ಸೇರಿಸಿ ಒಂದು ಪುಸ್ತಿಕೆ ಜೋಡಿಸುತ್ತಿದ್ದಾರೆ. “ಸರ, ಫಾಂಟ್ ಹಾಕೀನ್ರಿ, ಆದ್ರ ಪಟ್ಟಿಯೊಳಗ ಬೋಲ್ಡ್ ಬರವಲ್ದು. ಇಟ್ಯಾಲಿಕ್ ಅಂತೂ ಇಲ್ಲವೇ ಇಲ್ಲ.” ಸಾಲಿನ ಸಂಖ್ಯೆಗೆ ದಪ್ಪಕ್ಷರ, ಸಂದೇಹವಿರುವ ಅಕ್ಷರಕ್ಕೆ ಓರೆ ಅಕ್ಷರ ಬೇಕು ಅನ್ನುವುದು ಅವರ ಲೆಕ್ಕ. ನಾನು ಕೇಳಿದ್ದು ಬೇರೆ: “ಮೊದಲ ರಳ ಬರತೈತೇನ್ ನೋಡ್ರಿ.”

ಆ ಸೀಮೆಯ ಪಾಠಗಳಿಗೆ ಈ ಪ್ರಶ್ನೆ ಸಣ್ಣದಲ್ಲ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆ ಹನ್ನೆರಡನೆಯ ಶತಮಾನದಲ್ಲಿ ಕೊಲ್ಲಾಪುರದ ಶಿಲಾಹಾರರ ಮತ್ತು ಸವದತ್ತಿಯ ರಟ್ಟರ ಎಲ್ಲೆ ಒಂದಕ್ಕೊಂದು ತಾಗಿತ್ತು. ಯಕ್ಸಂಬಾದ ನೇಮಿನಾಥ ಬಸದಿಯನ್ನು ಕಟ್ಟಿಸಿದವನು ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣ. ಅಲ್ಲಿಯ ಶಾಸನದ ಕಾಲ 1165. ಆಡುಮಾತಿನಲ್ಲಿ ರಳ ಆಗಲೇ ಕರಗಿತ್ತು, ಬರೆಹದಲ್ಲಿ ಮಾತ್ರ ಬಲ್ಲವರ ಕೈಯಲ್ಲಿ ಉಳಿದಿತ್ತು. ಗೞ್ದೆ ಹೋಗಿ ಗರ್ದೆ, ಗರ್ದೆ ಹೋಗಿ ಗದ್ದೆ ಆದ ದಾರಿಯನ್ನು ನಾವು ಹಿಡಿಯುವುದೇ ಇಂಥ ಕಲ್ಲುಗಳ ಮೇಲೆ. ಮುಂದಿನ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳ ಎಂದು ಬೇರೆ ಮಾಡಿ, ರಳ ಬರುವ ಪದಗಳನ್ನು ಪಟ್ಟಿ ಹಾಕಿ ಕೊಡಬೇಕಾಯಿತು. ಕಿವಿಯಿಂದ ಗುರುತಿಸಲು ಬಾರದ ಅಕ್ಷರಕ್ಕೆ ಪಟ್ಟಿ ಬೇಕಾಗುತ್ತದೆ.

ಇನ್ನು ಬೋಲ್ಡಿನ ವಿಚಾರ. ಅದು ಬಹುಮಟ್ಟಿಗೆ ಹೆಸರಿಡುವ ಪದ್ಧತಿಯ ತೊಡಕು. ವಿಂಡೋಸಿನ ಹಳೆಯ ರೂಢಿಯಲ್ಲಿ ಒಂದು ಫಾಂಟ್ ಕುಟುಂಬಕ್ಕೆ ನಾಲ್ಕೇ ಮಂದಿ: ರೆಗ್ಯುಲರ್, ಇಟ್ಯಾಲಿಕ್, ಬೋಲ್ಡ್, ಬೋಲ್ಡ್ ಇಟ್ಯಾಲಿಕ್. ನೋಟೋ ಸೆರಿಫ್ ಕನ್ನಡದಲ್ಲಿ ತೆಳುವಿನಿಂದ ಕಡುದಪ್ಪದವರೆಗೆ ಒಂಬತ್ತು ತೂಕಗಳಿವೆ. ಹೆಚ್ಚಿನವರಿಗೆಲ್ಲ ಫಾಂಟ್ ಕಡತದೊಳಗೆ ಎರಡೆರಡು ಹೆಸರು. ಒಂದು ಹಳೆಯ ನಾಲ್ವರ ಲೆಕ್ಕದ್ದು, ಇನ್ನೊಂದು ಇಡೀ ಕುಟುಂಬದ್ದು. ವರ್ಡ್ ಮೊದಲನೆಯದನ್ನು ಓದಿದರೆ ‘ಲೈಟ್’, ‘ಮೀಡಿಯಂ’ ಬೇರೆ ಮನೆ ಮಾಡಿಕೊಂಡವರ ಹಾಗೆ ಪಟ್ಟಿಯಲ್ಲಿ ಬೇರೆ ಸಾಲಿಗೆ ಬರುತ್ತವೆ. ಇನ್‌ಡಿಸೈನ್ ಎರಡನೆಯದನ್ನು ಓದುತ್ತದೆ. ಅಲ್ಲಿ ಒಂದೇ ಹೆಸರಿನ ಮುಂದಿರುವ ಬಾಣ ಒತ್ತಿದರೆ ಎಲ್ಲರೂ ಹೊರಬರುತ್ತಾರೆ. ಕಳೆದುಹೋಯಿತು ಅಂದುಕೊಂಡದ್ದು ಅರ್ಧಪಾಲು ಸಲ ಆ ಬಾಣದ ಹಿಂದೆಯೇ ಇರುತ್ತದೆ.

ಬಾಣದ ಹಿಂದೆಯೂ ಇಲ್ಲದಿದ್ದರೆ, ಒಂದೇ ಫಾಂಟಿನ ಎರಡು ಪ್ರತಿ ಕೂತಿವೆಯೇ ನೋಡಬೇಕು. ಗೂಗಲ್‌ನಿಂದ ಇಳಿಸಿದ ಜಿಪ್‌ನಲ್ಲಿ ತೂಕ ಬದಲಿಸಬಲ್ಲ ವೇರಿಯಬಲ್ ಕಡತವೊಂದು, ‘ಸ್ಟ್ಯಾಟಿಕ್’ ಎಂಬ ಫೋಲ್ಡರಿನಲ್ಲಿ ಬಿಡಿ ತೂಕಗಳು ಇರುತ್ತವೆ. ಎರಡನ್ನೂ ಹಾಕಿದರೆ ಹೆಸರಿಗೆ ಹೆಸರು ಬಡಿದು ಕೆಲವು ಮರೆಯಾಗುತ್ತವೆ. ಒಂದನ್ನು ತೆಗೆದು ಸಾಫ್ಟ್‌ವೇರ್ ಮುಚ್ಚಿ ತೆರೆಯಬೇಕು. ಕೆಲವು ತಂತ್ರಾಂಶಗಳಿಗೆ ಒಬ್ಬ ಬಳಕೆದಾರನಿಗೆ ಮಾತ್ರ ಹಾಕಿದ ಫಾಂಟ್ ಕಾಣುವುದಿಲ್ಲ. ‘ಎಲ್ಲ ಬಳಕೆದಾರರಿಗೆ’ ಎಂದು ಹಾಕಬೇಕು. ಹಳೆಯ ಕಡತಗಳಲ್ಲಿ ತುಂಗಾ ಕಾಣೆಯಾಗಲು ಕಾರಣ ಬೇರೆ. ವಿಂಡೋಸ್ 10ರಿಂದ ಅದು ತಾನಾಗಿ ಬರುವುದಿಲ್ಲ, ಐಚ್ಛಿಕ ಸೌಲಭ್ಯಗಳಲ್ಲಿ ಕನ್ನಡದ ಪೂರಕ ಫಾಂಟ್‌ಗಳನ್ನು ಆರಿಸಿ ತರಿಸಬೇಕು. ಇನ್ನು ಟೈಪ್ 1 ಮಾದರಿಯ ಹಳೆಯ ಫಾಂಟ್‌ಗಳಿಗೆ ಅಡೋಬಿ 2023ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿತು. ಅವು ಡಿಸ್ಕಿನಲ್ಲಿದ್ದರೂ ಮೆನುವಿನಲ್ಲಿಲ್ಲ.

ಬೋಲ್ಡ್ ಸಿಗದಿದ್ದಾಗ ವರ್ಡ್‌ನ ‘ಬಿ’ ಗುಂಡಿ ಒತ್ತುವ ಚಟ ಎಲ್ಲರಿಗೂ ಉಂಟು. ನಿಜವಾದ ದಪ್ಪಕ್ಷರ ಇಲ್ಲದಿದ್ದರೆ ತಂತ್ರಾಂಶ ಇದ್ದದ್ದಕ್ಕೇ ಮಸಿ ಬಳಿದು ದಪ್ಪ ಮಾಡುತ್ತದೆ. ಕನ್ನಡದಲ್ಲಿ ದ-ಧ, ಡ-ಢ, ಬ-ಭಗಳ ನಡುವೆ ಇರುವುದು ಬುಡದ ಒಂದು ಸೀಳು. ಸಣ್ಣ ಅಳತೆಯಲ್ಲಿ ಮಸಿ ಆ ಸೀಳನ್ನು ಮುಚ್ಚುತ್ತದೆ. ಶಾಸನದಲ್ಲಿ ಮಹಾಪ್ರಾಣ ಇದೆಯೋ ಇಲ್ಲವೋ ಎಂದು ಪಡಿಯಚ್ಚು ಹಿಡಿದು ಕಣ್ಣು ನೋಯಿಸಿಕೊಂಡವರು ಇದಕ್ಕೆ ಒಪ್ಪಲಾರರು.

ಇಟ್ಯಾಲಿಕ್ ಮಾತ್ರ ಹುಡುಕುವುದೇ ಬೇಡ. ಅದು 1501ರ ಹೊತ್ತಿಗೆ ವೆನಿಸ್‌ನ ಅಲ್ದುಸ್ ಮನೂತಿಯುಸ್‌ನ ಅಚ್ಚುಕೂಟದಲ್ಲಿ, ರೋಮನ್ ಲಿಪಿಯ ಓಡುಬರೆಹದಿಂದ ಹುಟ್ಟಿದ್ದು. ನಮ್ಮ ಲಿಪಿಗೆ ಆ ಜೋಡಿ ಇರಲಿಲ್ಲ. ನೋಟೋ ಕನ್ನಡದಲ್ಲೂ ಇಲ್ಲ. ಶಾಸನ ಸಂಪಾದಕರು ಇದಕ್ಕೆ ಮೊದಲೇ ಉಪಾಯ ಕಂಡುಕೊಂಡಿದ್ದಾರೆ. ಎಪಿಗ್ರಾಫಿಯಾ ಇಂಡಿಕಾದ ರೂಢಿಯಂತೆ ಸಂದೇಹದ ಅಕ್ಷರಕ್ಕೆ ಚೌಕ ಕಂಸ, ತಿದ್ದುಪಡಿಗೆ ದುಂಡು ಕಂಸ. ಫಾಂಟ್ ಬದಲಾದರೂ ಕಂಸ ಉಳಿಯುತ್ತದೆ. ಗೆಳೆಯರಿಗೆ ಅದನ್ನೇ ಹೇಳಿದೆ.

ರಳದ ಕತೆ ಮಾತ್ರ ಉದ್ದದ್ದು. ಯೂನಿಕೋಡ್ ಕೋಷ್ಟಕದಲ್ಲಿ ತಮಿಳು, ಮಲಯಾಳಗಳ ಈ ಅಕ್ಷರ ಳ ಆದ ಮೇಲಿನ ಮನೆಯಲ್ಲಿದೆ. ಕನ್ನಡದಲ್ಲಿ ಆ ಮನೆ ಇವತ್ತಿಗೂ ಖಾಲಿ. ನಮ್ಮ ರಳ ಬಹಳ ಮುಂದೆ, ದೇವನಾಗರಿಯಲ್ಲಿ ನುಕ್ತಾ ಹಚ್ಚಿದ ಫ ಕೂತ ಮನೆಗೆ ಸರಿಸಾಟಿಯಾದ ಜಾಗದಲ್ಲಿದೆ, ಹೆಸರೂ ‘ಕನ್ನಡ ಲೆಟರ್ ಫ’! ಹೆಸರು ತಪ್ಪೆಂದು ಕೋಷ್ಟಕದಲ್ಲೇ ಟಿಪ್ಪಣಿ ಇದೆ, ಸರಿಯಾದ ಪರ್ಯಾಯ ಹೆಸರೂ ಇದೆ. ಆದರೆ ಒಮ್ಮೆ ಇಟ್ಟ ಹೆಸರು ಬದಲಾಯಿಸಬಾರದು ಅನ್ನುವುದು ಯೂನಿಕೋಡಿನ ನಿಯಮ. ಹಾಗಾಗಿ ಇನ್‌ಡಿಸೈನ್‌ನ ಗ್ಲಿಫ್ ಫಲಕದಲ್ಲಿ ಳ ಆಸುಪಾಸು ಹುಡುಕಿದವರಿಗೆ ರಳ ಸಿಗುವುದಿಲ್ಲ. ಫಾಂಟಿನಲ್ಲಿಲ್ಲ ಅಂದುಕೊಂಡು ಳ ಒತ್ತಿ ಮುಂದೆ ಹೋಗುತ್ತಾರೆ. ನಕಾರ ಪೊಲ್ಲಿಗೆ ಮನೆ ಸಿಕ್ಕಿದ್ದು 2021ರಲ್ಲಿ, 14ನೇ ಆವೃತ್ತಿಯಲ್ಲಿ. ೝ: ಇದು ನಿಮ್ಮ ಪರದೆಯಲ್ಲಿ ಚೌಕವಾಗಿ ಕಂಡರೆ ನಿಮ್ಮ ಫಾಂಟ್ ಅದಕ್ಕಿಂತ ಹಳೆಯದು ಅಂತಲೇ ಲೆಕ್ಕ.

ಅಚ್ಚುಮೊಳೆಯ ಕಾಲದಲ್ಲಿ ಈ ಬಡತನ ಇರಲಿಲ್ಲ. ಕಿಟ್ಟೆಲ್ 1872ರಲ್ಲಿ ಮಂಗಳೂರಿನಲ್ಲಿ ಶಬ್ದಮಣಿದರ್ಪಣ ಅಚ್ಚು ಹಾಕಿಸಿದಾಗ ರಳದ ಮೊಳೆ ಬೇಕೇ ಬೇಕಾಯಿತು. ಅದಿಲ್ಲದೆ ಕೇಶಿರಾಜನ ಪಟ್ಟಿಗೆ ಅರ್ಥವೇ ಇಲ್ಲ. ಮುಂಬೈ-ಕರ್ನಾಟಕದ ಶಾಸನಗಳನ್ನು 1940ರಿಂದ ಕನ್ನಡ ಲಿಪಿಯಲ್ಲೇ ಕೊಟ್ಟ ದಕ್ಷಿಣ ಭಾರತ ಶಾಸನ ಸಂಪುಟಗಳೂ ಎರಡು ಅಕ್ಷರಗಳನ್ನು ಉಳಿಸಿಕೊಂಡವು. ಮೊಳೆ ಇಲ್ಲದಿದ್ದರೆ ಜೋಡಿಸುವವನ ಕೈಗೆ ಖಾಲಿ ಖಾನೆ ತಾಗುತ್ತಿತ್ತು, ಅವನು ಕೇಳುತ್ತಿದ್ದ. ಈಗ ವರ್ಡ್ ಕೇಳದೆಯೇ ಬೇರೊಂದು ಫಾಂಟಿನಿಂದ ಅಕ್ಷರ ತಂದು ಕೂರಿಸುತ್ತದೆ. ಇನ್‌ಡಿಸೈನ್ ಗುಲಾಬಿ ಪಟ್ಟಿ ಎಳೆದು ಎಚ್ಚರಿಸುತ್ತದೆ, ಅದಾದರೂ ವಾಸಿ.

ಗಡಿಭಾಗದ ಡಿಟಿಪಿ ಅಂಗಡಿಗಳಲ್ಲಿ ಇನ್ನೊಂದು ಪದರ ಸೇರುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಮರಾಠಿ ಲಗ್ನಪತ್ರಿಕೆ, ಕನ್ನಡ ಕರಪತ್ರ. ಪುಣೆಯ ಶ್ರೀಲಿಪಿಯಂಥ ಹಳೆಯ ಎನ್‌ಕೋಡಿಂಗಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ 256 ಮನೆಗಳೊಳಗೇ ಕನ್ನಡದ ಒತ್ತು, ಗುಣಿತ ಎಲ್ಲವನ್ನೂ ತುರುಕಿದಂಥವು. ಅಂಥ ಇಕ್ಕಟ್ಟಿನಲ್ಲಿ ಮೊದಲು ಹೊರಗೆ ನಿಲ್ಲುವವು ದಿನಬಳಕೆಯಲ್ಲಿಲ್ಲದ ಅಕ್ಷರಗಳು. ಆ ಕಡತದ ಫಾಂಟ್ ಕಾಣೆಯಾದರೆ ಇಡೀ ಪಾಠ ಇಂಗ್ಲಿಷ್ ಕಸವಾಗುತ್ತದೆ. ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ರಳ, ಶಕಟರೇಫಗಳನ್ನು ಪಡಿಯಚ್ಚಿನೊಂದಿಗೆ ಒಂದೊಂದಾಗಿ ತಾಳೆ ನೋಡುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಬೋರಗಾಂವದ ಪುಸ್ತಿಕೆ ಈಗ ನೋಟೋ ಸೆರಿಫ್‌ನ ಬಿಡಿ ತೂಕಗಳಲ್ಲಿ ಸಾಗಿದೆ. ಒತ್ತಕ್ಷರ ಒಡೆಯದಂತೆ ಪ್ಯಾರಾಗ್ರಾಫಿಗೆ ‘ವರ್ಲ್ಡ್-ರೆಡಿ’ ಕಂಪೋಸರ್ ಹಾಕಿಸಿದ್ದಾಯಿತು. ಪ್ರತಿ ಕಡತದ ತಲೆಗೆ ಒಂದು ಪರೀಕ್ಷಾ ಸಾಲು ಇಟ್ಟಿದ್ದಾರೆ: ಆಱು, ಏೞು, ಗೞ್ದೆ, ಅೞಿದವಂ. ಪ್ರೆಸ್ಸಿಗೆ ಪಿಡಿಎಫ್ ಕಳಿಸುವ ಮೊದಲು ಫಾಂಟ್‌ಗಳು ಅದರೊಳಗೇ ಸೇರಿವೆಯೇ ಎಂದು ನೋಡಿ, ಆ ಸಾಲು ಅಳಿಸುತ್ತಾರೆ.