ಯಾರ ಹಂಗೂ ಇಲ್ಲದ ಕಿಡಿ

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಹತ್ತಿರ ಒಂದು ಹಳೇ ಬೈಕಿತ್ತು. ಮಳೆಗಾಲದಲ್ಲಿ ಅದರ ಬ್ಯಾಟರಿ ಇಳಿದರೆ ಮುಗಿಯಿತು, ಬೆಳಗಾಗೆದ್ದು ಅದನ್ನು ತಳ್ಳುವುದೇ ನನ್ನ ಮತ್ತು ಅಣ್ಣನ ಕೆಲಸ. ನಾವು ಏದುಸಿರು ಬಿಡುತ್ತಿರುವಾಗಲೇ ಪಕ್ಕದ ಮನೆಯ ಮೇಷ್ಟ್ರು ತಮ್ಮ ಪುಟ್ಟ ಮೊಪೆಡ್ಡಿನ ಪೆಡಲನ್ನು ನಾಲ್ಕು ಸಲ ತುಳಿದು 'ಟುರ್ರ್' ಅಂತ ಹೊರಟೇಬಿಡುತ್ತಿದ್ದರು. ಆ ಮೊಪೆಡ್ಡಿಗೆ ಬ್ಯಾಟರಿಯೇ ಇರಲಿಲ್ಲ! ಬ್ಯಾಟರಿ ಇಲ್ಲದ್ದು ಓಡುತ್ತದೆ, ಇರುವುದು ನಿಲ್ಲುತ್ತದೆ, ಇದೆಂಥಾ ನ್ಯಾಯ ಅಂತ ಆಗ ಅನ್ನಿಸಿತ್ತು :)

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ, ವಿಮಾನಗಳ ಬಗ್ಗೆ ಓದುವ ಹುಚ್ಚು ಹತ್ತಿದ ಮೇಲೆ. ಬೈಕು ನಿಂತರೆ ತಳ್ಳಬಹುದು. ಹಾರುತ್ತಿರುವ ವಿಮಾನವನ್ನು ಯಾರು ತಳ್ಳುತ್ತಾರೆ?

ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು. ಆ ಕಿಡಿಗೆ ಕರೆಂಟು ಎಲ್ಲಿಂದ ಬರಬೇಕು ಅನ್ನುವುದು ವಿಮಾನದಷ್ಟೇ ಹಳೆಯ ಪ್ರಶ್ನೆ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ವಿಮಾನ ಹಾರಿತಲ್ಲ, ಅದರ ಇಂಜಿನ್ನನ್ನು ಶುರು ಮಾಡಲು ಬಳಸಿದ ಬ್ಯಾಟರಿ ನೆಲದಲ್ಲೇ ಉಳಿದಿತ್ತು. ಹಾರುವಾಗ ಕಿಡಿ ಕೊಟ್ಟಿದ್ದು ಇಂಜಿನ್ನೇ ತಿರುಗಿಸುತ್ತಿದ್ದ ಒಂದು ಮ್ಯಾಗ್ನೆಟೊ. ಅದೇ ಹೊತ್ತಿಗೆ ಜರ್ಮನಿಯಲ್ಲಿ, ರಾಬರ್ಟ್ ಬಾಷ್ ಅವರ ಕಾರ್ಖಾನೆಯಲ್ಲಿದ್ದ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಸ್ಪಾರ್ಕ್ ಪ್ಲಗ್ಗಿಗೆ ಹೊಂದುವ ಹೈ ವೋಲ್ಟೇಜ್ ಮ್ಯಾಗ್ನೆಟೊ ರೂಪಿಸಿದ್ದರು. ಮುಂದೆ ವಿಮಾನಗಳು ಹಿಡಿದಿದ್ದು ಈ ದಾರಿಯನ್ನೇ.

ಮ್ಯಾಗ್ನೆಟೊ ಅಂದರೆ ದೊಡ್ಡ ವಿದ್ಯೆಯೇನಲ್ಲ. ಇಂಜಿನ್ ತಿರುಗಿದರೆ ಒಂದು ಅಯಸ್ಕಾಂತ ತಿರುಗುತ್ತದೆ, ಪಕ್ಕದ ತಂತಿ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ, ಸರಿಯಾದ ಕ್ಷಣದಲ್ಲಿ ಪಾಯಿಂಟ್ ಬಿಟ್ಟುಕೊಂಡಾಗ ಸಾವಿರಾರು ವೋಲ್ಟಿನ ಕಿಡಿ ಪ್ಲಗ್ಗಿನಲ್ಲಿ ಹಾರುತ್ತದೆ. ಬ್ಯಾಟರಿ ಬೇಡ, ಡೈನಮೊ ಬೇಡ. ಮೇಷ್ಟ್ರ ಮೊಪೆಡ್ಡಿನ ಗುಟ್ಟೂ ಇದೇ.

ಇದರ ಬೆಲೆ ಗೊತ್ತಾಗಬೇಕಾದರೆ 1919ಕ್ಕೆ ಹೋಗಬೇಕು. ಆ ವರ್ಷ ಮೇ ತಿಂಗಳಲ್ಲಿ ಅಮೆರಿಕದ ನೌಕಾಪಡೆಯ ಎನ್‌ಸಿ-4 ವಿಮಾನ ಅಲ್ಲಲ್ಲಿ ನಿಂತು ಅಟ್ಲಾಂಟಿಕ್ ದಾಟಿತು. ಅದರಲ್ಲಿದ್ದ ಲಿಬರ್ಟಿ ಇಂಜಿನ್ನುಗಳ ಕಿಡಿ ಮ್ಯಾಗ್ನೆಟೊದ್ದಲ್ಲ, ಡೆಲ್ಕೊ ಕಂಪನಿಯ ಬ್ಯಾಟರಿ ಇಗ್ನಿಷನ್ನಿನದು. ಅಂದರೆ ಬ್ಯಾಟರಿ ನಂಬಿದವರೂ ಸಮುದ್ರ ದಾಟಿದರು, ಇಲ್ಲ ಅನ್ನುವಂತಿಲ್ಲ.

ಒಂದು ತಿಂಗಳ ನಂತರ, ಜೂನ್ 14ರಂದು, ಆಲ್ಕಾಕ್ ಮತ್ತು ಬ್ರೌನ್ ನ್ಯೂಫೌಂಡ್‌ಲ್ಯಾಂಡಿನಿಂದ ಎಲ್ಲೂ ನಿಲ್ಲದೆ ದಾಟಲು ಹೊರಟರು. ಹೊರಟ ಸ್ವಲ್ಪ ಹೊತ್ತಿಗೇ ಗಾಳಿಯಿಂದ ತಿರುಗುತ್ತಿದ್ದ ಅವರ ಜನರೇಟರ್ ಕೈಕೊಟ್ಟಿತು. ರೇಡಿಯೊ ಹೋಯಿತು, ಒಬ್ಬರಿಗೊಬ್ಬರು ಮಾತಾಡುವ ಸಾಧನ ಹೋಯಿತು, ಮೈ ಬೆಚ್ಚಗಿಡುವ ವ್ಯವಸ್ಥೆಯೂ ಹೋಯಿತು. ಆದರೆ ಇಂಜಿನ್ ನಿಲ್ಲಲಿಲ್ಲ! ಅವುಗಳ ಕಿಡಿ ಮ್ಯಾಗ್ನೆಟೊಗಳಿಂದ ಬರುತ್ತಿತ್ತು, ಸತ್ತ ಜನರೇಟರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಸುಮಾರು 16 ಗಂಟೆಗಳ ನಂತರ ಐರ್ಲೆಂಡಿನ ಜೌಗು ನೆಲದಲ್ಲಿ ಮೂಗು ಊರಿ ಇಳಿದರು. ಇಬ್ಬರೂ ಬದುಕಿದ್ದರು.

ಮ್ಯಾಗ್ನೆಟೊದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಅದರ ಸ್ವಿಚ್ಚು. ಅದು ಕಿಡಿಯನ್ನು 'ಆನ್' ಮಾಡುವುದಿಲ್ಲ. ಒಳಸುರುಳಿಯ ಕರೆಂಟನ್ನು ವಿಮಾನದ ಲೋಹದ ಮೈಗೆ ಹರಿಸಿ ಕಿಡಿಯನ್ನು ಕೊಲ್ಲುತ್ತದೆ, ಅಷ್ಟೆ. ಹಾಗಾಗಿ ಸ್ವಿಚ್ಚಿನ ತಂತಿ ತುಂಡಾದರೆ ಇಂಜಿನ್ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಇದರಿಂದ ನೆಲದ ಮೇಲೆ ಅಪಾಯವೂ ಉಂಟು. ಸ್ವಿಚ್ ಆಫ್ ಇದೆ ಅಂದುಕೊಂಡು ಪ್ರೊಪೆಲ್ಲರ್ ತಿರುಗಿಸಿದರೆ ಇಂಜಿನ್ ಶುರುವಾಗಿಬಿಡಬಹುದು. ಆದರೆ ಆಕಾಶದಲ್ಲಿ? ಕೆಟ್ಟರೂ ಕಾಯುವ ಸ್ವಭಾವ ಅದು. ಸಾಲದ್ದಕ್ಕೆ ಪ್ರತಿ ಸಿಲಿಂಡರಿಗೆ ಎರಡು ಪ್ಲಗ್ಗು, ಎರಡು ಬೇರೆ ಬೇರೆ ಮ್ಯಾಗ್ನೆಟೊ.

ಈ ನಡುವೆ ವಿಮಾನದ ಉಳಿದ ವಿದ್ಯುತ್ ವ್ಯವಸ್ಥೆ ಬೆಳೆಯುತ್ತಾ ಹೋಯಿತು. ದೀಪ, ರೇಡಿಯೊ, ಮೋಟಾರು... ಎಲ್ಲಕ್ಕೂ ಕರೆಂಟು. 12 ವೋಲ್ಟಿನಲ್ಲಿ 100 ವ್ಯಾಟಿನ ದೀಪಕ್ಕೆ ಎಂಟು ಆಂಪಿಯರಿಗಿಂತ ಹೆಚ್ಚು ಬೇಕು, 24ರಲ್ಲಿ ಅದರರ್ಧ ಸಾಕು. ಕರೆಂಟು ಅರ್ಧವಾದರೆ ಅದೇ ತಂತಿಯಲ್ಲಿ ಪೋಲಾಗುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ತೆಳು ತಂತಿ ಸಾಕು, ತೂಕ ಉಳಿಯಿತು. ಎರಡನೇ ಮಹಾಯುದ್ಧದ ದೊಡ್ಡ ವಿಮಾನಗಳಲ್ಲೇ ಇದಿತ್ತು. ಸಣ್ಣ ವಿಮಾನಗಳಲ್ಲಿ ಎಲ್ಲರಿಗೂ ಗೊತ್ತಿರುವ ಸೆಸ್ನಾ 172, 1978ರ ಮಾದರಿಯಿಂದ 28 ವೋಲ್ಟಿಗೆ ಬಂತು (ಬ್ಯಾಟರಿ 24, ಅದಕ್ಕೆ ಚಾರ್ಜ್ ಕೊಡುವ ಆಲ್ಟರ್ನೇಟರ್ 28). ಮ್ಯಾಗ್ನೆಟೊಗೆ ಇದರಿಂದ ಏನಾಯಿತು? ಏನೂ ಆಗಲಿಲ್ಲ. ಅದಕ್ಕೆ ಗೊತ್ತೇ ಆಗಲಿಲ್ಲ!

ತಲೆನೋವು ಶುರುವಾಗಿದ್ದು ಎಲೆಕ್ಟ್ರಾನಿಕ್ ಇಗ್ನಿಷನ್ ಬಂದ ಮೇಲೆ. ಅದರ ಗುಣ ದೊಡ್ಡದೇ. ಮ್ಯಾಗ್ನೆಟೊ ಸಾಮಾನ್ಯವಾಗಿ ಒಂದೇ ನಿಗದಿತ ಕೋನದಲ್ಲಿ ಕಿಡಿ ಹಾರಿಸುತ್ತದೆ. ಇದು ಎತ್ತರ, ವೇಗ ನೋಡಿಕೊಂಡು ಕಿಡಿಯ ಸಮಯ ಬದಲಿಸಬಲ್ಲದು. ಇಂಧನವೂ ಉಳಿಯುತ್ತದೆ. ಆದರೆ ಇದರ ಎಷ್ಟೋ ಪೆಟ್ಟಿಗೆಗಳ ಮೂಲ ಕಾರು-ಬೈಕುಗಳ 12 ವೋಲ್ಟಿನ ಲೋಕ. ಅಂಥದ್ದಕ್ಕೆ ನೇರ 28 ವೋಲ್ಟ್ ಕೊಟ್ಟರೆ ಕಾಯಿಲ್ ಸುಮಾರು ಅರ್ಧ ಸಮಯದಲ್ಲೇ ತುಂಬಿ, ಉಳಿದದ್ದೆಲ್ಲ ಶಾಖವಾಗಿ ಸುಡುತ್ತದೆ.

ಸರಿ, ಎರಡು 12 ವೋಲ್ಟಿನ ಬ್ಯಾಟರಿ ಜೋಡಿಸಿ 24 ಮಾಡಿದ್ದರೆ ನಡುವಿನಿಂದ 12 ತೆಗೆಯೋಣವೇ? ಆಗ ಒಂದು ಬ್ಯಾಟರಿ ಸೊರಗುತ್ತದೆ, ಇನ್ನೊಂದಕ್ಕೆ ಅತಿಯಾಗಿ ಚಾರ್ಜ್ ಆಗುತ್ತದೆ, ಕೊನೆಗೆ ಎರಡೂ ಹಾಳು. ವೋಲ್ಟೇಜ್ ಇಳಿಸುವ ಪರಿವರ್ತಕ ಇಡೋಣವೇ? ಆಗ ಇಂಜಿನ್ನಿನ ಜೀವ ಆ ಪುಟ್ಟ ಡಬ್ಬಿಯ ಕೈಲಿ. ಎರಡೂ ವೋಲ್ಟೇಜಿಗೆ ಒಗ್ಗುವ ಪೆಟ್ಟಿಗೆಗಳೂ ಈಗ ಇವೆ, ಅದು ಎಲ್ಲಕ್ಕಿಂತ ನೇರ ದಾರಿ. ಆದರೂ ಆಲ್ಟರ್ನೇಟರ್ ಸತ್ತು ಬ್ಯಾಟರಿಯೂ ಇಳಿದರೆ? ಇಲ್ಲಿ ತಂತಿ ತುಂಡಾದರೆ ಕಿಡಿಯೇ ಇಲ್ಲ. ಮ್ಯಾಗ್ನೆಟೊಗೆ ಪೂರ್ತಿ ಉಲ್ಟಾ. ಅದಕ್ಕೇ ಎಷ್ಟೋ ಜನ ಒಂದು ಕಡೆ ಎಲೆಕ್ಟ್ರಾನಿಕ್ ಹಾಕಿಸಿ, ಇನ್ನೊಂದು ಕಡೆ ಹಳೇ ಮ್ಯಾಗ್ನೆಟೊವನ್ನೇ ಉಳಿಸಿಕೊಳ್ಳುತ್ತಾರೆ. ಹೊಸ ಸೊಸೆ ಬಂದರೂ ಅಡುಗೆಮನೆ ಬಿಟ್ಟುಕೊಡದ ಅಜ್ಜಿಯ ಹಾಗೆ!

ಇದಕ್ಕೊಂದು ಚಂದದ ಉತ್ತರ ನಮ್ಮ ಬೆಂಗಳೂರಿನಲ್ಲೇ ಹಾರಿದೆ. ಎನ್‌ಎಎಲ್ ರೂಪಿಸಿದ ಹಂಸ-3 ತರಬೇತಿ ವಿಮಾನದಲ್ಲಿರುವುದು ಆಸ್ಟ್ರಿಯಾದ ರೋಟಾಕ್ಸ್ 914 ಇಂಜಿನ್. ಅದರಲ್ಲಿ ಹಳೇ ಮ್ಯಾಗ್ನೆಟೊ ಇಲ್ಲ, ಎರಡು ಎಲೆಕ್ಟ್ರಾನಿಕ್ ಇಗ್ನಿಷನ್ನುಗಳಿವೆ. ಆದರೆ ಅವಕ್ಕೆ ಕರೆಂಟು ಬರುವುದು ಬ್ಯಾಟರಿಯಿಂದಲ್ಲ, ಇಂಜಿನ್ನಿನಲ್ಲೇ ಕೂಡಿಸಿರುವ ಜನರೇಟರಿನ ಸುರುಳಿಗಳಿಂದ. ಬುದ್ಧಿ ಹೊಸದು, ಸ್ವಭಾವ ಮಾತ್ರ ಹಳೆಯದು.

ಹಾಗಾಗಿ 12ಓ 24ಓ ಅನ್ನುವುದು ಮೇಲ್ನೋಟದ ಜಗಳ ಅಂತ ನನಗನ್ನಿಸುತ್ತದೆ. ಬೇರೆಲ್ಲ ಕೈಕೊಟ್ಟ ದಿನವೂ ಆ ಕಿಡಿ ತಾನೇ ಹುಟ್ಟುತ್ತದೋ ಇಲ್ಲವೋ ಅನ್ನುವುದೇ ನಿಜವಾದ ಪ್ರಶ್ನೆ. ಮೇಷ್ಟ್ರ ಮೊಪೆಡ್ಡಿಗೆ ಅದು ಗೊತ್ತಿತ್ತು.

ನಿಮ್ಮ ಮನೆಯಲ್ಲೂ ಮಳೆಗಾಲದಲ್ಲಿ ತಳ್ಳಿಸಿಕೊಂಡ ಗಾಡಿ ಇತ್ತೇ? ಇದ್ದರೆ ಅದರ ಕಥೆ ಬರೆಯಿರಿ... ಮತ್ತೆ ಸಿಗೋಣ.