ಭೂಕಂಪ ಯಾರ ಪಾಪದ ಫಲ? ಗಾಂಧಿ–ಟ್ಯಾಗೋರ್ ವಾಗ್ವಾದದ ಕತೆ

2018ರ ಆಗಸ್ಟ್ ತಿಂಗಳು ನೆನಪಿದೆಯಾ? ಕೊಡಗಿನಲ್ಲಿ ಗುಡ್ಡಗಳು ಜಾರಿದ್ದವು, ಕೇರಳಕ್ಕೆ ಕೇರಳವೇ ನೀರಿನಲ್ಲಿತ್ತು. ಜನ ಇನ್ನೂ ಮನೆ ಮಾಡಿನ ಮೇಲೆ ನಿಂತು ಹೆಲಿಕಾಪ್ಟರ್‌ಗೆ ಕೈ ಬೀಸುತ್ತಿದ್ದರು. ಅಷ್ಟರಲ್ಲಿ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಕಾರಣ ಪತ್ತೆಯಾಗಿಬಿಟ್ಟಿತ್ತು! ಶಬರಿಮಲೆಗೆ ಹೆಂಗಸರನ್ನು ಬಿಡಿ ಅಂತ ಕೋರ್ಟಿಗೆ ಹೋದರಲ್ಲ, ಅಯ್ಯಪ್ಪನ ಸಿಟ್ಟು ಅದು ಅಂತ ಕೆಲವರು. ದನದ ಮಾಂಸ ತಿಂದದ್ದಕ್ಕೆ ಶಿಕ್ಷೆ ಅಂತ ಇನ್ನು ಕೆಲವರು. ದೇವರ ಗೊಡವೆಯೇ ಬೇಡ ಅನ್ನುವವರು ಕೂಡ 'ಪ್ರಕೃತಿ ಮುನಿದಳು' ಅಂತ ಸ್ಟೇಟಸ್ ಹಾಕಿಕೊಂಡಿದ್ದರು. ಯೋಚನೆ ಮಾಡಿದರೆ ಅದೂ ಅದೇ ಮಾತು, ದೇವರ ಹೆಸರು ಬದಲಾಗಿದೆ ಅಷ್ಟೆ.

ಕೆಟ್ಟದ್ದೇನಾದರೂ ಆದಾಗ 'ಯಾಕೆ?' ಅಂತ ಕೇಳದೆ ಮನುಷ್ಯರಿಗೆ ಇರಲಿಕ್ಕಾಗುವುದಿಲ್ಲ. ಆ 'ಯಾಕೆ'ಗೆ ಉತ್ತರ ಹೇಳುವ ಹಕ್ಕು ಯಾರದ್ದು, ವಿಜ್ಞಾನದ್ದಾ, ಧರ್ಮದ್ದಾ? ಈ ಪ್ರಶ್ನೆ ಮೇಲೆ ನಮ್ಮ ದೇಶದ ಇಬ್ಬರು ಬಹಳ ದೊಡ್ಡವರು, ಬಹಿರಂಗವಾಗಿ, ಪತ್ರಿಕೆಯ ಪುಟದಲ್ಲೇ ವಾದ ಮಾಡಿದ್ದರು. ಇವತ್ತು ಆ ಕತೆ ಹೇಳ್ತೀನಿ. ವಿಜ್ಞಾನ ಮತ್ತು ಧರ್ಮದ ಜಗಳ ಅಂದರೆ ಸಾಮಾನ್ಯವಾಗಿ ಗೆಲಿಲಿಯೋ, ಡಾರ್ವಿನ್ ನೆನಪಾಗುತ್ತಾರೆ. ಒಂದು ಕಡೆ ಪಾದ್ರಿ, ಇನ್ನೊಂದು ಕಡೆ ವಿಜ್ಞಾನಿ. ಇಲ್ಲಿ ಹಾಗಿಲ್ಲ. ಇಬ್ಬರೂ ದೇವರನ್ನು ನಂಬಿದವರು, ಇಬ್ಬರೂ ಅಸ್ಪೃಶ್ಯತೆಯ ವಿರೋಧಿಗಳು, ಮೇಲಾಗಿ ಸ್ನೇಹಿತರು. ನನಗೆ ಈ ಜಗಳ ಇಷ್ಟವಾಗುವುದೇ ಅದಕ್ಕೆ.

1934ರ ಜನವರಿ 15, ಸೋಮವಾರ, ಸಂಕ್ರಾಂತಿಯ ಸಮಯ. ಮಧ್ಯಾಹ್ನ ಎರಡು ಗಂಟೆ ದಾಟಿ ಕೆಲವೇ ನಿಮಿಷಕ್ಕೆ ಉತ್ತರ ಬಿಹಾರ ಮತ್ತು ನೇಪಾಳದ ನೆಲ ನಡುಗಿತು. ತೀವ್ರತೆ 8ರ ಆಸುಪಾಸು. ಮುಂಗೇರ್ ಪಟ್ಟಣ ಹೆಚ್ಚುಕಮ್ಮಿ ನೆಲಸಮ. ಮುಜಫ್ಫರಪುರ, ದರ್ಭಂಗಾದಲ್ಲೂ ಅದೇ ಪಾಡು. ಕಠ್ಮಂಡುವಿನ ಧರಹರಾ ಗೋಪುರ ಮುರಿದುಬಿತ್ತು (ಮತ್ತೆ ಕಟ್ಟಿದರು, 2015ರ ಭೂಕಂಪದಲ್ಲಿ ಮತ್ತೆ ಬಿತ್ತು). ಬಿಹಾರದಲ್ಲಿ 7,000ಕ್ಕೂ ಹೆಚ್ಚು, ನೇಪಾಳದಲ್ಲಿ 8,000ಕ್ಕೂ ಹೆಚ್ಚು ಜನ ಸತ್ತರು. ಹಗಲು ಹೊತ್ತು, ಹಳ್ಳಿಯವರು ಹೊಲದಲ್ಲಿದ್ದರು. ರಾತ್ರಿ ಆಗಿದ್ದರೆ ಈ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೋ. ಬದುಕಿದವರು ಕಂಡದ್ದೂ ಸಣ್ಣದಲ್ಲ. ನೆಲ ಬಾಯಿ ಬಿಟ್ಟು ಮರಳು, ನೀರು ಕಾರಂಜಿಯಂತೆ ಚಿಮ್ಮಿತು. ಹೊಲಗಳ ಮೇಲೆ ಮರಳು ಹಾಸಿಕೊಂಡಿತು, ಬಾವಿಗಳು ಮುಚ್ಚಿಹೋದವು. ಕೆಲವು ಕಡೆ ಗೋಡೆ ಬೀಳಲಿಲ್ಲ, ಮನೆಗಳೇ ಓರೆಯಾಗಿ ನೆಲದೊಳಗೆ ಕುಸಿದವು. ಇದನ್ನೆಲ್ಲ ಕಣ್ಣಾರೆ ಕಂಡವನು 'ಇದು ಯಾರದೋ ಶಾಪ' ಅಂದುಕೊಂಡರೆ ನನಗಂತೂ ಆಶ್ಚರ್ಯ ಇಲ್ಲ.

ಆಗ ಗಾಂಧೀಜಿ ದಕ್ಷಿಣ ಭಾರತದಲ್ಲಿದ್ದರು. 1933ರ ನವೆಂಬರ್‌ನಲ್ಲಿ ವಾರ್ಧಾದಿಂದ ಹೊರಟ ಅವರ 'ಹರಿಜನ ಯಾತ್ರೆ' ಊರೂರು ಸುತ್ತುತ್ತಿತ್ತು. (ಹರಿಜನ ಅನ್ನುವ ಪದವನ್ನು ಇವತ್ತು ನಾವು ಬಳಸುವುದಿಲ್ಲ, ದಲಿತರೇ ಅದನ್ನು ಒಪ್ಪಲಿಲ್ಲ. ಆ ಕಾಲದ ಹೆಸರು ಅಂತ ಹೇಳ್ತಿದೀನಿ ಅಷ್ಟೆ.) ಜನವರಿ ಮೊದಲಲ್ಲಿ ಬೆಂಗಳೂರು, ಮೈಸೂರು ಮುಗಿಸಿ ಕೇರಳಕ್ಕೆ ಹೋದರು. ದೇವಸ್ಥಾನದ ಬಾಗಿಲು ತೆರೆಯಿರಿ, ಬಾವಿ ಬಿಟ್ಟುಕೊಡಿ ಅಂತ ಹೇಳುತ್ತಾ, ಹೋದಲ್ಲೆಲ್ಲ ದುಡ್ಡು, ಒಡವೆ ಎತ್ತುತ್ತಾ ತಮಿಳುನಾಡಿನ ತಿರುನೆಲ್ವೇಲಿಗೆ ಬಂದಿದ್ದು ಜನವರಿ 24ಕ್ಕೆ. ಅಲ್ಲಿನ ಸಭೆಯಲ್ಲಿ ಬಿಹಾರದ ಪ್ರಸ್ತಾಪ ತೆಗೆದರು. ನೀವು ನನ್ನನ್ನು ಮೂಢನಂಬಿಕೆಯವನು ಅಂತ ಬೇಕಾದರೂ ಕರೆಯಿರಿ, ಆದರೆ ಈ ಭೂಕಂಪ ನಾವು ಅಸ್ಪೃಶ್ಯರಿಗೆ ಮಾಡಿರುವ, ಇನ್ನೂ ಮಾಡುತ್ತಿರುವ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ನಾನು ನಂಬುತ್ತೇನೆ ಅನ್ನುವ ಅರ್ಥದ ಮಾತಾಡಿದರು. ಬಾಯಿ ತಪ್ಪಿ ಬಂದ ಮಾತಲ್ಲ. ಆಮೇಲೂ ಹೇಳಿದರು, ಬರೆದರು ಕೂಡ.

ಈ ಸುದ್ದಿ ಶಾಂತಿನಿಕೇತನಕ್ಕೆ ಮುಟ್ಟಿತು. ರವೀಂದ್ರನಾಥ ಟ್ಯಾಗೋರರಿಗೆ ಆಗ 72 ವರ್ಷ. ಗಾಂಧಿಯನ್ನು 'ಮಹಾತ್ಮ' ಅಂತ ಕರೆದು ಆ ಹೆಸರನ್ನು ಜನರ ಬಾಯಲ್ಲಿ ನಿಲ್ಲಿಸಿದವರಲ್ಲಿ ಅವರೂ ಒಬ್ಬರು. 1932ರಲ್ಲಿ ಯರವಡಾ ಜೈಲಿನಲ್ಲಿ ಗಾಂಧಿ ಉಪವಾಸ ಮುರಿದಾಗ ಪಕ್ಕದಲ್ಲಿ ಕೂತು ಹಾಡಿದ್ದವರು. ಆದರೆ ಈ ಮಾತನ್ನು ಅವರಿಂದ ನುಂಗಲಿಕ್ಕೆ ಆಗಲಿಲ್ಲ. ಒಂದು ಹೇಳಿಕೆ ಬರೆದು, ಗಾಂಧಿಗೇ ಕಳಿಸಿದರು: ಪತ್ರಿಕೆಯಲ್ಲಿ ಬಂದದ್ದು ನಿಜವೇ ಆಗಿದ್ದರೆ ಇದು ನನ್ನ ಉತ್ತರ ಅಂತ. ಈಗಿನ ಕಾಲವಾಗಿದ್ದರೆ ಮೊದಲು ಪೋಸ್ಟ್, ಆಮೇಲೆ ವಿಚಾರಣೆ!

ಟ್ಯಾಗೋರರ ವಾದ ಏನು? ಭೂಕಂಪದಂಥ ಘಟನೆಗೆ ಕಾರಣ ಭೌತಿಕ ಸಂಗತಿಗಳಲ್ಲಿ ಮಾತ್ರ ಇದೆ, ನಮ್ಮ ಪಾಪ ಎಷ್ಟೇ ದೊಡ್ಡದಿರಲಿ ಸೃಷ್ಟಿಯ ಕಟ್ಟಡವನ್ನೇ ಅಲುಗಾಡಿಸುವ ಬಲ ಅದಕ್ಕಿಲ್ಲ ಅನ್ನುವುದು ಒಂದು. ಇದು ವಿಜ್ಞಾನದ ಮಾತು. ಇನ್ನೊಂದು ಮಾತು ಇದೆ, ಅದು ನನಗೆ ಹೆಚ್ಚು ಮುಖ್ಯ ಅನಿಸುತ್ತದೆ, ಯಾಕಂದ್ರೆ ಅದು ದೇವರ ಪರವಾಗಿ ಆಡಿದ ಮಾತು. ತಪ್ಪು ಮಾಡಿದವರನ್ನು ಬಿಟ್ಟು, ಸಿಕ್ಕಸಿಕ್ಕವರನ್ನು, ಮಕ್ಕಳನ್ನು, ಕೊನೆಗೆ ಆ ಅಸ್ಪೃಶ್ಯರನ್ನೇ ಕೊಂದು, ದೂರದಲ್ಲಿ ಸುರಕ್ಷಿತವಾಗಿರುವ ಇನ್ಯಾರಿಗೋ ಪಾಠ ಹೇಳುವ ದೇವರು ಎಂಥವನು? ಹಾಗೆ ಮಾಡುವ ರಾಜನನ್ನು ನಾವು ನಾಗರಿಕ ಅನ್ನುತ್ತೇವಾ? ಹಾಗಿದ್ದರೆ ದೇವರಿಗಿಂತ ಮನುಷ್ಯನೇ ನೀತಿವಂತ ಅಂತ ಒಪ್ಪಬೇಕಾಗುತ್ತದೆ.

ಇದಾದ ಮೇಲೆ ಅವರು ಇನ್ನೊಂದು ಎಚ್ಚರಿಕೆ ಕೊಟ್ಟರು. ಈ ಬಗೆಯ ತರ್ಕ ಗಾಂಧಿಗಿಂತ ಗಾಂಧಿಯ ವಿರೋಧಿಗಳ ಮನಸ್ಸಿಗೇ ಚೆನ್ನಾಗಿ ಒಗ್ಗುತ್ತದೆ. ಅವರು ಇದೇ ಭೂಕಂಪವನ್ನು ಗಾಂಧಿ ಮತ್ತು ಅನುಯಾಯಿಗಳ ತಲೆಗೆ ಕಟ್ಟಿದರೂ ಆಶ್ಚರ್ಯ ಇಲ್ಲ ಅಂದರು.

ಗಾಂಧಿ ಆ ಹೇಳಿಕೆಯನ್ನು ಮುಚ್ಚಿಡಲಿಲ್ಲ. ಫೆಬ್ರುವರಿ 16ರ ತಮ್ಮ 'ಹರಿಜನ್' ಪತ್ರಿಕೆಯಲ್ಲಿ ಅದನ್ನು ಅಚ್ಚು ಮಾಡಿ, ತಮ್ಮ ಉತ್ತರವನ್ನೂ ಕೊಟ್ಟರು. ದೇವರ ನಿಯಮಗಳೆಲ್ಲ ನಮಗೆ ಗೊತ್ತಿಲ್ಲ. ಬರ, ನೆರೆ, ಭೂಕಂಪ ಭೌತಿಕ ಕಾರಣದಿಂದಲೇ ಆಗುವಂತೆ ಕಂಡರೂ ಮನುಷ್ಯನ ನಡತೆಗೂ ಅವಕ್ಕೂ ಸಂಬಂಧ ಇದೆ ಅಂತ ನನಗೆ ಒಳಗಿನಿಂದ ಅನಿಸುತ್ತದೆ. ಅದನ್ನು ನಾನು ಸಾಬೀತು ಮಾಡಲಾರೆ. ಒಂದು ವೇಳೆ ನನ್ನ ನಂಬಿಕೆ ಸುಳ್ಳೇ ಆದರೂ ನನಗೂ ನನ್ನ ಜೊತೆ ನಂಬಿದವರಿಗೂ ಅದರಿಂದ ಒಳ್ಳೆಯದೇ ಆಗಿರುತ್ತದೆ, ಯಾಕಂದರೆ ನಾವು ನಮ್ಮನ್ನು ಶುದ್ಧ ಮಾಡಿಕೊಳ್ಳಲು ಹೊರಟಿರುತ್ತೇವೆ. ಅವರ ಮಾತಿನ ಸಾರ ಇಷ್ಟು. ಹಾಗಾದರೆ ಬಿಹಾರವೇ ಯಾಕೆ ಅಂತ ಕೇಳಿದವರಿಗೆ, ಅದನ್ನು ಹೇಳಲು ನಾನು ದೇವರಲ್ಲ ಅಂದುಬಿಟ್ಟರು. ಆ ಸಂಚಿಕೆ ಹೊರಬಂದ ಮುಂದಿನ ವಾರ ಅವರು ಕೊಡಗಿನಲ್ಲಿದ್ದರು, ಅಲ್ಲಿಂದ ಮಂಗಳೂರಿಗೆ ಬಂದರು.

ಜವಾಹರಲಾಲ್ ನೆಹರೂಗೆ ಇದನ್ನು ಓದಿ ಆಘಾತವೇ ಆಯಿತು. ಅವರು ಮುಂಗೇರ್‌ನ ಅವಶೇಷಗಳ ನಡುವೆ ಗುದ್ದಲಿ ಹಿಡಿದು ಅಗೆದು ಬಂದವರು. ಆತ್ಮಕತೆಯಲ್ಲಿ ಇದನ್ನು ಗೇಲಿಯ ಧಾಟಿಯಲ್ಲೇ ಬಿಡಿಸಿಡುತ್ತಾರೆ: ದರ್ಭಂಗಾದ ಮಹಾರಾಜರಿಗೆ ಭಾರಿ ನಷ್ಟ ಆಗಿದೆ, ಹಾಗಾದರೆ ಇದು ಜಮೀನ್ದಾರಿ ಪದ್ಧತಿಗೆ ಶಿಕ್ಷೆ ಅನ್ನಬಹುದಲ್ಲ? ಉತ್ತರ ಬಿಹಾರ ಸ್ವಾತಂತ್ರ್ಯ ಚಳವಳಿಯಲ್ಲಿ ಮುಂದಿತ್ತು, ಹಾಗಾದರೆ ಕಾನೂನುಭಂಗಕ್ಕೆ ಶಿಕ್ಷೆ ಅಂತ ಬ್ರಿಟಿಷರೂ ಹೇಳಬಹುದಲ್ಲ? ಅಸ್ಪೃಶ್ಯತೆಗೇ ಶಿಕ್ಷೆ ಆಗಿದ್ದರೆ ಅದು ಜೋರಾಗಿರುವ ದಕ್ಷಿಣ ಬಿಟ್ಟು ಬಿಹಾರಕ್ಕೆ ಯಾಕೆ ಬಂತು?

ಟ್ಯಾಗೋರ್ ಹೇಳಿದ್ದೂ ನಡೆದೇ ಹೋಯಿತು. ದೇವಸ್ಥಾನಕ್ಕೆ ಎಲ್ಲರನ್ನೂ ಬಿಡಿ ಅಂದದ್ದಕ್ಕೇ ದೇವರು ಮುನಿದ ಅಂತ ಸನಾತನಿಗಳು ಪ್ರಚಾರ ಮಾಡಿದರು. ಒಂದೇ ಭೂಕಂಪ, ಒಂದೇ ತರ್ಕ, ತೀರ್ಪು ಮಾತ್ರ ಪೂರ್ತಿ ಉಲ್ಟಾ. ಏಪ್ರಿಲ್‌ನಲ್ಲಿ ಅದೇ ಬಿಹಾರ ಪ್ರಾಂತ್ಯದ ದೇವಘರಕ್ಕೆ ಹೊರಟಿದ್ದಾಗ ಗಾಂಧಿಯ ಕಾರಿನ ಮೇಲೆ ದೊಣ್ಣೆ ಹಿಡಿದು ಬಿದ್ದರು, ಹಿಂದಿನ ಗಾಜು ಪುಡಿಯಾಯಿತು. ಜೂನ್‌ನಲ್ಲಿ ಪುಣೆಯಲ್ಲಿ ಬಾಂಬೇ ಎಸೆದರು.

ಸರಿ, ಈ ನಡುವೆ ವಿಜ್ಞಾನ ಏನು ಮಾಡುತ್ತಿತ್ತು? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಡನ್, ಆಡೆನ್, ಘೋಷ್ ಮೊದಲಾದವರು ಆ ಪ್ರದೇಶದಲ್ಲಿ ಓಡಾಡಿ ಹಾನಿಯನ್ನು ನಕ್ಷೆಯ ಮೇಲೆ ಗುರುತು ಮಾಡುತ್ತಿದ್ದರು. (ಈ ಆಡೆನ್, ಇಂಗ್ಲಿಷ್ ಕವಿ ಆಡೆನ್‌ನ ಅಣ್ಣ.) ಅವರ ವರದಿ ಬಂದದ್ದು 1939ರಲ್ಲಿ. ಸುಮಾರು 300 ಕಿಲೋಮೀಟರ್ ಉದ್ದದ ಒಂದು ಪಟ್ಟಿಯಲ್ಲಿ ಮನೆಗಳು ಓರೆಯಾಗಿ ಕುಸಿದಿದ್ದನ್ನು ಅವರು ಗುರುತಿಸಿದರು. ಗಂಗೆಯ ಬಯಲಿನ ಆ ನೆಲ ನದಿಗಳು ತಂದು ಸುರಿದ ಮೆಕ್ಕಲು. ನೀರು ತುಂಬಿದ ಸಡಿಲ ಮರಳನ್ನು ಜೋರಾಗಿ ಅಲ್ಲಾಡಿಸಿದರೆ ಅದು ಗಟ್ಟಿ ನೆಲದ ಹಾಗೆ ನಿಲ್ಲುವುದಿಲ್ಲ, ದ್ರವದ ಹಾಗೆ ಹರಿಯುತ್ತದೆ. ಮೇಲಿದ್ದದ್ದು ಮುಳುಗುತ್ತದೆ, ಒಳಗಿದ್ದದ್ದು ಚಿಮ್ಮುತ್ತದೆ. ಶಾಪದಂತೆ ಕಂಡ ಮರಳಿನ ಕಾರಂಜಿಯ ಗುಟ್ಟು ಇದು.

ಆದರೆ ನೆಲ ನಡುಗಿದ್ದು ಯಾಕೆ ಅಂತ? ಪ್ರಾಮಾಣಿಕವಾಗಿ ಹೇಳಬೇಕು ಅಂದ್ರೆ 1934ರಲ್ಲಿ ಅದರ ಪೂರ್ತಿ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಖಂಡಗಳು ಚಲಿಸುತ್ತವೆ ಅಂತ ವೆಗೆನರ್ ಹೇಳಿದ್ದನ್ನು ಬಹುಪಾಲು ವಿಜ್ಞಾನಿಗಳು ನಂಬಿರಲಿಲ್ಲ. ಭಾರತದ ನೆಲದ ಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಷ್ಟು ಉತ್ತರಕ್ಕೆ ಸರಿದು ಏಷ್ಯಾದ ಕೆಳಗೆ ತೂರುತ್ತಿದೆ, ಹಿಮಾಲಯದ ಬುಡದಲ್ಲಿ ಒತ್ತಡ ಕಟ್ಟಿಕೊಂಡು ಒಮ್ಮೆಗೇ ಸಡಿಲುತ್ತದೆ ಅನ್ನುವ ಚಿತ್ರ ಸಿಕ್ಕಿದ್ದು 1960ರ ದಶಕದ ಕೊನೆಗೆ. ಅಂದರೆ ಟ್ಯಾಗೋರ್ ಕೂಡ ಗೊತ್ತಿಲ್ಲದ ಕಾರಣವೊಂದನ್ನು ನಂಬಿಯೇ ಮಾತಾಡಿದ್ದರು. ಅವರದ್ದೂ ನಂಬಿಕೆಯೇ, ಗಾಂಧಿಯದ್ದೂ ನಂಬಿಕೆಯೇ, ಇಬ್ಬರಿಗೂ ಸಮ ಅಂಕ ಅಂತ ಇಲ್ಲಿ ಯಾರಾದರೂ ಹೇಳಬಹುದು. ನಾನು ಒಪ್ಪಲ್ಲ. ಆ ಭೂವಿಜ್ಞಾನಿಗಳು ಹಾನಿ ಹೆಚ್ಚಾದ ಜಾಗ ನೋಡಿ ಕಂಪನದ ಕೇಂದ್ರ ಬಿಹಾರದಲ್ಲಿದೆ ಅಂದುಕೊಂಡಿದ್ದರು. ಅದು ತಪ್ಪಾಗಿತ್ತು. ಹಳೆಯ ಕಂಪನ ದಾಖಲೆಗಳನ್ನು 1970ರ ದಶಕದಲ್ಲಿ ಮತ್ತೆ ಲೆಕ್ಕ ಹಾಕಿದಾಗ ಕೇಂದ್ರ ಪೂರ್ವ ನೇಪಾಳಕ್ಕೆ, ಎವರೆಸ್ಟ್ ಪರ್ವತದ ಹತ್ತಿರಕ್ಕೆ ಹೋಯಿತು. 2013ರಲ್ಲಿ ನೇಪಾಳದ ತಪ್ಪಲಿನಲ್ಲಿ ಕಂದಕ ತೋಡಿದವರು 1934ರಲ್ಲಿ ನೆಲ ಸೀಳಿದ ಗುರುತನ್ನೇ ಹುಡುಕಿ ತೋರಿಸಿದರು, ಅದರ ಜೊತೆಗೆ 1255ರ ಇನ್ನೊಂದು ಭೂಕಂಪದ್ದನ್ನೂ. ಭೌತಿಕ ಕಾರಣ ಇದೆ ಅಂತ ನಂಬಿದರೆ ಕಂದಕ ತೋಡಬಹುದು, ತಪ್ಪಿದ್ದರೆ ತಿದ್ದಬಹುದು. ಯಾರ ಪಾಪ ಅನ್ನುವುದನ್ನು ಪರೀಕ್ಷೆ ಮಾಡಲು ಎಲ್ಲಿ ತೋಡುತ್ತೀರಿ?

ಹಾಗಂತ ಗಾಂಧಿಯ ಮಾತನ್ನೂ ನಮ್ಮ ವಾಟ್ಸಾಪ್ ಫಾರ್ವರ್ಡನ್ನೂ ಒಂದೇ ತಕ್ಕಡಿಗೆ ಹಾಕಲಿಕ್ಕೆ ನನಗೆ ಮನಸ್ಸಿಲ್ಲ. ಫಾರ್ವರ್ಡ್ ಕಳಿಸುವವನು ಬೇರೆಯವರ ಪಾಪ ಎಣಿಸುತ್ತಾನೆ. ಗಾಂಧಿ ಬೆರಳು ತೋರಿಸಿದ್ದು ತಮ್ಮತ್ತ, ಎದುರಿಗೆ ಕೂತ ಸವರ್ಣ ಹಿಂದೂಗಳತ್ತ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮುಂಗೇರ್‌ನಲ್ಲಿ ಮಗುವನ್ನು ಕಳೆದುಕೊಂಡ ದಲಿತ ತಾಯಿಯೊಬ್ಬಳಿಗೆ ಯಾರಾದರೂ ಈ ಮಾತನ್ನು ಹೇಳಿದ್ದರೆ? ನಿನ್ನನ್ನು ಮುಟ್ಟಿಸಿಕೊಳ್ಳದವರಿಗೆ ಬುದ್ಧಿ ಬರಲಿ ಅಂತ ದೇವರು ನಿನ್ನ ಮಗುವನ್ನು ತೆಗೆದುಕೊಂಡ ಅಂತ? ಟ್ಯಾಗೋರರ ಪ್ರಶ್ನೆಗೆ ಗಾಂಧಿಯ ಉತ್ತರದಲ್ಲಿ ಇದಕ್ಕೆ ಜಾಗವೇ ಇಲ್ಲ. ನಾನು ಓದಿ ಓದಿ ಮತ್ತೆ ಅಲ್ಲೇ ನಿಲ್ಲುತ್ತೇನೆ.

ಜಾತಿಗೂ ದುರಂತಕ್ಕೂ ಸಂಬಂಧ ಇಲ್ಲವೇ ಇಲ್ಲ ಅಂತಲೂ ಹೇಳಲಾಗದು. 2004ರ ಸುನಾಮಿ ನಾಗಪಟ್ಟಿಣಕ್ಕೆ ಬಡಿದಾಗ ಅಲೆ ಜಾತಿ ಕೇಳಲಿಲ್ಲ. ಪರಿಹಾರ ಶಿಬಿರದಲ್ಲಿ ಕೇಳಿದರು. ದಲಿತರನ್ನು ಶಿಬಿರಗಳಿಂದ ದೂರ ಇಟ್ಟದ್ದು, ನೀರಿಗೂ ಅಡ್ಡಿ ಮಾಡಿದ್ದು ಆಗಲೇ ವರದಿಯಾಯಿತು.

ಮತ್ತೆ ಆ ಇಬ್ಬರ ವಿಷಯ. ಈ ಜಗಳದಿಂದ ಸ್ನೇಹ ಮುರಿಯಲಿಲ್ಲ. 1936ರಲ್ಲಿ ವಿಶ್ವಭಾರತಿಗೆ ದುಡ್ಡಿಲ್ಲದೆ, ಟ್ಯಾಗೋರ್ ಆ ವಯಸ್ಸಿನಲ್ಲಿ ನೃತ್ಯನಾಟಕದ ತಂಡ ಕಟ್ಟಿಕೊಂಡು ಊರೂರು ತಿರುಗುತ್ತಾ ದೆಹಲಿಗೆ ಬಂದರು. ಅದನ್ನು ನೋಡಿ ಗಾಂಧಿಗೆ ಸಂಕಟವಾಯಿತು. ಅವರಿವರಿಗೆ ಹೇಳಿ 60,000 ರೂಪಾಯಿ ಕೊಡಿಸಿ, ನೀವು ಇನ್ನು ತಿರುಗಬೇಡಿ, ಮನೆಗೆ ಹೋಗಿ ಅಂದರು. ಟ್ಯಾಗೋರ್ ಉಳಿದ ಪ್ರದರ್ಶನಗಳನ್ನು ಬಿಟ್ಟು ಶಾಂತಿನಿಕೇತನಕ್ಕೆ ಮರಳಿದರು.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.